ಹೊಗೆಯಿಲ್ಲದ ಊರಿನಲ್ಲಿ ಪಾಡ್ಯ

ದೀಪಾವಳಿಯ ನೀರು ತುಂಬುವ ದಿನ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಕಲಘಟಗಿಯ ಬಸ್ಸು ಹತ್ತಿದೆ. ಹತ್ತಿದೆ ಎನ್ನುವುದಕ್ಕಿಂತ ಹಿಂದಿನ ಮಂದಿ ನನ್ನನ್ನು ಒಳಗೆ ತಳ್ಳಿದರು ಎಂದರೆ ಸರಿಯಾದೀತು. ಹೆಂಗಸರಿಗೆ ಪ್ರಯಾಣ ಉಚಿತ. ಹಬ್ಬಕ್ಕೆ ತವರಿಗೆ ಹೊರಟವರೆಲ್ಲ ಅದೇ ಬಸ್ಸಿನಲ್ಲಿದ್ದರು. ಕೂರಲು ಜಾಗವಿಲ್ಲವೆಂದು ನಾನು ಗೊಣಗಿದೆ. ಕಂಡಕ್ಟರ್ ಶೂನ್ಯ ಮೊತ್ತದ ಚೀಟಿ ಹರಿದು ಕೈಗಿಟ್ಟು, "ಟಿಕೆಟ್ ಪುಕಟ ಐತ್ರಿ ಅಕ್ಕಾರ, ಸೀಟಿನ ಗ್ಯಾರಂಟಿ ಇಲ್ರಿ" ಎಂದು ಮುಂದೆ ಹೋದ.

ನಾನು ಹೊರಟಿದ್ದು ನನ್ನ ಚಿಗವ್ವನ ಮಗಳು ನಿರ್ಮಲಾಳ ಊರಿಗೆ. ಮಿಶ್ರಿಕೋಟಿಯ ಆಚೆ, ಹೆದ್ದಾರಿ ಬಿಟ್ಟು ಒಳಗೆ ಇರುವ ಸಣ್ಣ ಊರು. ಆ ಊರವರೆಲ್ಲ ಸೇರಿ ಒಂದು ದೊಡ್ಡ ಗೋಬರ್ ಗ್ಯಾಸ್ ಘಟಕ ಕಟ್ಟಿಕೊಂಡಿದ್ದಾರೆ, ಊರಿನ ಎಲ್ಲ ಮನೆಗೂ ಅದರಿಂದಲೇ ಒಲೆ ಉರಿಯುತ್ತದೆ ಎಂದು ಅವಳು ಫೋನಿನಲ್ಲಿ ಹೇಳುತ್ತಲೇ ಇದ್ದಳು. ನಾನು ನಂಬಿರಲಿಲ್ಲ. ಮೊರಬದ ನನ್ನ ತವರುಮನೆಯ ಹಿತ್ತಲಿನಲ್ಲೂ ಒಂದು ಗೋಬರ್ ಗ್ಯಾಸ್ ಇತ್ತು. ಬೇಸಿಗೆಯಲ್ಲಿ ಎರೆಮಣ್ಣು ಬಿರಿದು ಗುಂಡಿಯೂ ಬಿರಿಯಿತು. ಮೇಲಿನ ಕಬ್ಬಿಣದ ಡ್ರಮ್ಮಿನಲ್ಲಿ ನಮ್ಮವ್ವ ಕೋಳಿ ಸಾಕಿದಳು. ಅಂದಿನಿಂದ ಯಾರಾದರೂ ಸೆಗಣಿಯಿಂದ ಊರು ಉದ್ಧಾರವಾಯಿತು ಎಂದರೆ ನನಗೆ ಆ ಕೋಳಿಗಳೇ ನೆನಪಾಗುತ್ತವೆ. ಈ ಸಲ ನಿರ್ಮಲಾ, "ಅಕ್ಕಾ, ಪಾಡ್ಯಾಕ್ಕ ಬಾ. ಈ ಪಾಡ್ಯಾ ಆದ ಮ್ಯಾಲ ಅದು ಇರತೈತೋ ಇಲ್ಲೋ ಗೊತ್ತಿಲ್ಲ" ಎಂದಳು. ಅವಳ ದನಿ ಸರಿಯಿರಲಿಲ್ಲ, ಹೊರಟುಬಿಟ್ಟೆ.

ನೇರವಾಗಿ ಮಿಶ್ರಿಕೋಟಿಗೆ ಹೋಗಬೇಕಾದವಳು ಕಲಘಟಗಿಗೆ ಏಕೆ ಹೋದೆನೆಂದರೆ, ಅದಕ್ಕೆ ಕಾರಣ ನಿರ್ಮಲಾಳ ಅತ್ತೆ ಗೌರವ್ವ. ಹಿಂದಿನ ದಿನ ಆಕೆಯೇ ನನಗೆ ಫೋನ್ ಮಾಡಿದ್ದಳು. "ಸರೋಜಾ, ಕಲಘಟಗಿ ತೊಟ್ಟಿಲ ಮಾಡೋರ ಮನ್ಯಾಗ ನಂದೊಂದ ಸಾಮಾನ ಐತಿ. ತೊಗೊಂಡ ಬಾ. ನಿರ್ಮಲಾನ ಮುಂದ ಬಾಯಿ ಬಿಡಬ್ಯಾಡ" ಎಂದಿದ್ದಳು. ಯಾವ ಸಾಮಾನು ಎಂದು ಕೇಳುವುದರೊಳಗೆ ಫೋನ್ ಇಟ್ಟಾಗಿತ್ತು.

ಕಲಘಟಗಿಯಲ್ಲಿ ಇಳಿದು ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ ತಿಂದು, ಬಣ್ಣದ ತೊಟ್ಟಿಲು ಮಾಡುವವರ ಓಣಿ ಕೇಳಿಕೊಂಡು ಹೋದೆ. ಅರಗಿನ ವಾಸನೆ ದೂರದಿಂದಲೇ ದಾರಿ ತೋರಿಸಿತು. ಒಳಗೆ ಕೆಂಪು ಹಳದಿ ಬಣ್ಣದ ತೊಟ್ಟಿಲೊಂದು ಅರ್ಧ ಮುಗಿದಿತ್ತು. ಕುಶಲಕರ್ಮಿ ಎದ್ದು ಹೋಗಿ, ಗೋಣಿತಟ್ಟಿನಲ್ಲಿ ಸುತ್ತಿ ದಬ್ಬಳದಿಂದ ಹೊಲಿದ ಉದ್ದನೆಯ ಹಲಗೆ ತಂದು ನನ್ನ ಹೆಗಲ ಮೇಲಿಟ್ಟ. ಸಾಗುವಾನಿಯೇ ಇರಬೇಕು, ಹೆಗಲು ಇಳಿದುಹೋಯಿತು. "ಬಿಚ್ಚಬ್ಯಾಡ್ರಿ ಮತ್ತ. ಅಜ್ಜಿಯಾರು ಅಗದಿ ತಾಕೀತ್ ಮಾಡ್ಯಾರ" ಎಂದ. ತೊಟ್ಟಿಲಿನ ಪಕ್ಕದ ಹಲಗೆ ಎಂದು ನಾನೇ ತೀರ್ಮಾನಿಸಿದೆ. ಯಾರಿಗೆ ತೊಟ್ಟಿಲು? ನಿರ್ಮಲಾಳ ಮಗಳು ಆಗಲೇ ಕಾಲೇಜಿಗೆ ಹೋಗುತ್ತಾಳೆ. ದಾರಿಯುದ್ದಕ್ಕೂ ಅದೇ ಯೋಚನೆ.

ಬಸ್ಸಿನಲ್ಲಿ ಮಿಶ್ರಿಕೋಟಿಗೆ ಹಿಂದಿರುಗಿ, ಅಲ್ಲಿಂದ ಊರಿನ ತನಕ ಟಂಟಂ ಆಟೋ. ತಲೆಗೆ ಇಪ್ಪತ್ತು ರೂಪಾಯಿ; ಹಲಗೆಗೂ ಇಪ್ಪತ್ತು ಎಂದು ಡ್ರೈವರ್ ಹಟ ಹಿಡಿದ, ಕೊಟ್ಟೆ. ರಸ್ತೆಯ ಅರ್ಧಭಾಗದಲ್ಲಿ ಗೋವಿನಜೋಳ ಒಣಹಾಕಿದ್ದರು. ನಡುದಾರಿಯಲ್ಲಿ ಒಂದು ಅಡ್ಡಮಳೆ ಬಂತು. ಜನ ತಾಡಪತ್ರಿ ಹಿಡಿದು ಓಡಿಬಂದು ಜೋಳ ಮುಚ್ಚುವ ತನಕ ಟಂಟಂ ನಿಂತಿತು, ಡ್ರೈವರ್ ಕೂಡ ಇಳಿದು ಒಂದು ಮೂಲೆ ಹಿಡಿದ. ಎರಡೂ ಕಡೆ ಭತ್ತ ಹಳದಿಗೆ ತಿರುಗಿತ್ತು, ಪಶ್ಚಿಮಕ್ಕೆ ಅಡವಿಯ ಅಂಚು ಕಪ್ಪಗೆ ಕಾಣುತ್ತಿತ್ತು.

ಊರ ಹೊರಗಿನ ಕಟ್ಟೆಯ ಹತ್ತಿರ ಗೌರವ್ವ ಒಬ್ಬಳೇ ನಿಂತಿದ್ದಳು. ಎಪ್ಪತ್ತು ದಾಟಿದ ಗಟ್ಟಿ ಜೀವ, ಹಣೆತುಂಬ ವಿಭೂತಿ. ನನ್ನನ್ನು ಚೆನ್ನಾಗಿದ್ದೀಯಾ ಎಂದು ಕೇಳುವ ಮೊದಲೇ ಹಲಗೆ ಮುಟ್ಟಿ ನೋಡಿದಳು. ಇಬ್ಬರೂ ಸೇರಿ ಹಿತ್ತಲ ದಾರಿಯಿಂದ ಅದನ್ನು ದನದ ಕೊಟ್ಟಿಗೆಗೆ ಸಾಗಿಸಿ ಹೊಟ್ಟಿನ ಹಿಂದೆ ಅಡಗಿಸಿಟ್ಟೆವು. ಈ ವಯಸ್ಸಿನಲ್ಲಿ ಕಳ್ಳರ ಹಾಗೆ ಹಿತ್ತಲು ನುಗ್ಗಿದ್ದು ನೆನೆದರೆ ಈಗಲೂ ನಗು ಬರುತ್ತದೆ.

ಮರುದಿನ ಚತುರ್ದಶಿ. ಎಣ್ಣೆಸ್ನಾನಕ್ಕೂ ಮುಂಚೆ ನಿರ್ಮಲಾ ನನ್ನನ್ನು ಗ್ಯಾಸಿನ ಹತ್ತಿರ ಕರೆದೊಯ್ದಳು. ಊರ ಬಾವಿಯ ಪಕ್ಕದ ಸಾರ್ವಜನಿಕ ಜಾಗ. ಸುತ್ತ ಎದೆಮಟ್ಟದ ಗೋಡೆ, ಒಳಗೆ ಹೋಗಲು ಬಾಗಿಲಿಲ್ಲದ ಒಂದು ತೆರಪು. ನೆಲದಿಂದ ಎದ್ದ ಸಿಮೆಂಟಿನ ಗುಮ್ಮಟ, ಅದರ ನೆತ್ತಿಯಿಂದ ಹೊರಟ ಪೈಪು, ಒಂದು ಕಡೆ ಸೆಗಣಿ ಕಲಸುವ ತೊಟ್ಟಿ, ಇನ್ನೊಂದು ಕಡೆ ಬಗ್ಗಡ ಹೊರಬೀಳುವ ಗುಂಡಿ. ಮುಂದೆ ನಿಂತು ಕಟ್ಟಿಸಿದವಳು ನಿರ್ಮಲಾ; ಅಗೆದವರು, ಇಟ್ಟಿಗೆ ಹೊತ್ತವರು ಎಲ್ಲ ಊರವರೇ. ಇದು ಯಾರದು ಎಂದು ಕೇಳಿದರೆ ಎಲ್ಲರೂ ನಮ್ಮದು ಎನ್ನುತ್ತಾರೆ. ಹಾಗೆ ಹೇಳುವಾಗ ಯಾರೂ ಇನ್ನೊಬ್ಬರ ಕಡೆ ಕೈ ತೋರಿಸಲಿಲ್ಲ.

ಒಬ್ಬೊಬ್ಬರಾಗಿ ಬುಟ್ಟಿ ಹೊತ್ತು ಬಂದರು. ದನವಿದ್ದ ಮನೆಯವರು ಸೆಗಣಿ ತರುತ್ತಾರೆ, ಇಲ್ಲದವರು ನೀರು ಸೇದಿ ಹಾಕಿ ಕಲಸುತ್ತಾರೆ. ಒಲೆ ಮಾತ್ರ ಇಬ್ಬರ ಮನೆಯಲ್ಲೂ ಒಂದೇ ಹೊತ್ತು ಉರಿಯುತ್ತದೆ. ಹೊರಬಂದ ಬಗ್ಗಡ ಸರದಿಯ ಮೇಲೆ ಹೊಲಗಳಿಗೆ ಹೋಗುತ್ತದೆ. ಯಲ್ಲವ್ವ ಎಂಬ ಕೂಲಿ ಹೆಣ್ಣುಮಗಳು ಮೊಣಕೈ ತನಕ ಕೈ ಅದ್ದಿ ಕಲಸುತ್ತಿದ್ದಳು. ಅವಳಿಗೆ ದನವೂ ಇಲ್ಲ, ಹೊಲವೂ ಇಲ್ಲ. "ಮೊದಲ ಕಟ್ಟಿಗಿಗೆ ಅಡವಿಗೆ ಹೋಗ್ತಿದ್ನಿರಿ. ಹೋಗೂದರಾಗ, ಬರೂದರಾಗ ದಿನಾನ ಮುಗೀತಿತ್ತು. ತಲಿ ಮ್ಯಾಲಿನ ಕೂದಲಾನೂ ಹೊರಿ ತಿಂದ ಬಿಟ್ಟೈತಿ ನೋಡ್ರಿ" ಎಂದು ಸೆರಗು ಸರಿಸಿ ನೆತ್ತಿ ತೋರಿಸಿದಳು. ಹೊರೆ ಕೂರುವ ಜಾಗದಲ್ಲಿ ಅಂಗೈ ಅಗಲ ಬೋಳಾಗಿತ್ತು. 

ನಿರ್ಮಲಾ ದೊಡ್ಡ ಕವಾಟ ತಿರುಗಿಸಿದಳು. "ಓಡು, ಮನೀಗೆ ಹೋಗಿ ನೋಡು" ಎಂದಳು. ಓಡಿದೆ. ಗೌರವ್ವನ ಅಡಿಗೆಮನೆಯಲ್ಲಿ ಕಡ್ಡಿ ಗೀರಿದ ಕೂಡಲೇ ಸುಂಯ್ ಎಂದು ನೀಲಿ ಉರಿ ಎದ್ದಿತು. ಪಕ್ಕದ ಮನೆಯಲ್ಲೂ ಸುಂಯ್, ಎದುರು ಮನೆಯಲ್ಲೂ ಸುಂಯ್. ಓಣಿಯ ತುದಿಯ ತನಕ ನಡೆದು ಹೋಗಿ ಬಾಗಿಲು ಬಾಗಿಲಲ್ಲಿ ಇಣುಕಿದೆ. ತಗಡಿನ ಮನೆ, ಹೆಂಚಿನ ಮನೆ, ಮಾಳಿಗೆ ಮನೆ, ಎಲ್ಲದರಲ್ಲೂ ಅದೇ ನೀಲಿ ಹೂವು. ನನ್ನ ಕಣ್ಣಲ್ಲಿ ನೀರು ಬಂತು, ಹೊಗೆಗಲ್ಲ. ಗೌರವ್ವನ ಅಡಿಗೆಮನೆಯ ಗೋಡೆ ಸುಣ್ಣ ಬಳಿದು ಬೆಳ್ಳಗಿತ್ತು, ಅದರ ಮೇಲೆ ಕೆಮ್ಮಣ್ಣಿನಲ್ಲಿ ನವಿಲು, ಎತ್ತು, ಬಳ್ಳಿ. ಮೊದಲು ಮೂರು ತಲೆಮಾರು ಕರಿ ಹಿಡಿದಿದ್ದ ಗೋಡೆಯಂತೆ ಅದು. "ಮದುವ್ಯಾಗಿ ಬಂದಾಗಿಂದ ಈ ಗ್ವಾಡಿ ಬಣ್ಣಾನ ನೋಡಿರಲಿಲ್ಲ ನಾ" ಎಂದಳು ಗೌರವ್ವ. ಕೋಳಿಗಳ ಮಾತು ಎತ್ತುವ ಮನಸ್ಸು ನನಗಿರಲಿಲ್ಲ.

ಹಾಗಾದರೆ ಇದು ನಿಲ್ಲುವುದೇಕೆ? ಉತ್ತರ ಮಧ್ಯಾಹ್ನ ಸಿಕ್ಕಿತು, ಊರಿನ ಫಕ್ಕೀರಪ್ಪ ಕಾಕಾನಿಂದ. ಆತ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದ. "ಎಲ್ಲಾ ಲೆಕ್ಕಾ ಹಾಕಿದ್ರಿ ನಮ್ಮ ಮಂದಿ. ಗುಂಡಿ ಎಷ್ಟ ಆಳ, ಪೈಪ್ ಎಷ್ಟ ಉದ್ದ, ಎಲ್ಲಾ. ದೀಪಾವಳಿ ಒಂದ ಮರತ ಬಿಟ್ರು" ಎಂದು ಕಿಸಕ್ಕನೆ ನಕ್ಕ.

ಮರೆತದ್ದು ಇದು. ಈ ಕಡೆಯಲ್ಲಿ ಸೆಗಣಿ ಎಂದರೆ ಲಕ್ಷ್ಮಿ. ಅಮಾವಾಸ್ಯೆ ಪಾಡ್ಯದ ದಿನಗಳಲ್ಲಿ ಲಕ್ಷ್ಮಿಯನ್ನು ಮನೆಯ ಹೊಸ್ತಿಲು ದಾಟಿಸುವುದಿಲ್ಲ. ಹಾಲು, ಮೊಸರು, ಸೆಗಣಿ, ಯಾವುದನ್ನೂ ಹೊರಗೆ ಕೊಡುವುದಿಲ್ಲ. ಸಾಲದ್ದಕ್ಕೆ ಅದೇ ಸೆಗಣಿಯಿಂದ ಮನೆ ಸಾರಿಸಬೇಕು, ಹಟ್ಟಿಯ ದೇವತೆ ಹಟ್ಟೆವ್ವನನ್ನೂ ಪಾಂಡವರನ್ನೂ ಪುಟ್ಟ ಗೋಪುರಗಳಾಗಿ ಮಾಡಿ ಚೆಂಡುಹೂ ಸಿಕ್ಕಿಸಿ ಹೊಸ್ತಿಲಲ್ಲಿ ಕೂರಿಸಬೇಕು. ಹೀಗಾಗಿ ಕಳೆದ ವರ್ಷ, ಘಟಕದ ಮೊದಲ ದೀಪಾವಳಿಯಲ್ಲಿ, ಊರಿನ ಒಂದು ಬುಟ್ಟಿ ಸೆಗಣಿಯೂ ತೊಟ್ಟಿಗೆ ಬರಲಿಲ್ಲ. ಒಲೆಗಳು ಮಾತ್ರ ಹಗಲೆಲ್ಲ ಉರಿದವು. ಪಾಡ್ಯದ ದಿನ ಹೋಳಿಗೆ ಹಂಚಿನ ಮೇಲಿದ್ದಾಗ ಉರಿ ಹಳದಿಯಾಯಿತು, ಸಣ್ಣಗಾಯಿತು, ಎಲ್ಲ ಮನೆಯಲ್ಲೂ ಒಟ್ಟಿಗೇ ಆರಿಹೋಯಿತು. ಹಸಿಕಟ್ಟಿಗೆ ತಂದು ಹಳೇ ಒಲೆ ಹೊತ್ತಿಸಿದರೆ ಊರು ತುಂಬ ಹೊಗೆ. ಬುಡ ಬೆಂದು ಮೇಲೆ ಹಸಿಯಿದ್ದ ಹೋಳಿಗೆಯನ್ನೇ ಎತ್ತುಗಳಿಗೆ ನೈವೇದ್ಯ ಮಾಡಿದರಂತೆ.

ಆ ಸಿಟ್ಟಿಗೆ ಕೆಲವರು ಸಿಲಿಂಡರ್ ತಂದರು. ಫಕ್ಕೀರಪ್ಪ ಕಾಕಾ ಮೊದಲಿಗ. ಈ ವರ್ಷ ಗುಡಿಯಲ್ಲಿ ಎಲ್ಲರೂ ಕೂತು ಮಾತಾಡಿದ್ದಾರೆ: ಈ ಪಾಡ್ಯಕ್ಕೂ ಉರಿ ಆರಿದರೆ ಪೈಪು ಕಿತ್ತು ಅವರವರ ದಾರಿ ಅವರವರು ನೋಡಿಕೊಳ್ಳುವುದು. ಮುಂಚೆಯೇ ಹೆಚ್ಚು ಸೆಗಣಿ ತುಂಬಿಸಿಡಬಹುದಲ್ಲ ಎಂದೆ. "ಅದೂ ಒಂದ ಹೊಟ್ಟೀನ ಅಲ್ರಿ? ಒಮ್ಮೆಲೆ ತುರುಕಿದ್ರ ಉಬ್ಬರಸ್ತೈತಿ. ದಿನಾ ಇಷ್ಟಿಷ್ಟ ಹಾಕಬೇಕು" ಎಂದ ಕಾಕಾ. ಬೈಯುವವನಿಗೂ ಅದರ ಹೊಟ್ಟೆಯ ಹದ ಗೊತ್ತಿತ್ತು.

ನಿರ್ಮಲಾಳ ಜೊತೆ ಆ ದಿನ ಮನೆ ಮನೆ ತಿರುಗಿದೆ. "ನಾಳೆ ಒಂದ ಬುಟ್ಟಿ ಹೆಂಡಿ ಕೊಡ್ರೆವ್ವಾ" ಎಂದು ಅವಳು ಸೆಗಣಿ ಕೇಳುವುದು, "ನಿಮ್ಮತ್ತಿ ಕೊಟ್ರ ನಾವೂ ಕೊಡ್ತೀವಿ" ಎಂದು ಅವರು ಹೇಳುವುದು. ಊರಿನಲ್ಲಿ ಹೆಚ್ಚು ದನವಿರುವುದು ಗೌರವ್ವನ ಕೊಟ್ಟಿಗೆಯಲ್ಲಿ. ಹಬ್ಬ ಹರಿದಿನದ ಮಾತಿನಲ್ಲಿ ಆಕೆಯದೇ ಕೊನೆಯ ಮಾತು. ಯಲ್ಲವ್ವ ನಮ್ಮ ಹಿಂದೆ ಹಿಂದೆಯೇ ಬಂದಳು. ಕೊನೆಗೆ ಮೆತ್ತಗೆ ಹೇಳಿದಳು: "ಸಿಲಿಂಡರ್ ತರಾವರು ತರ್ತಾರ. ನಾ ಮತ್ತ ಅಡವಿ ಹಾದೀನ ಹಿಡಿಯಾಕಿ."

ದೀಪ ಹಚ್ಚುವ ಹೊತ್ತಿಗೆ ಅತ್ತೆ ಸೊಸೆಯ ಮಾತು ಏರಿತು.

"ಅತ್ತೀ, ನೀವ ಒಂದ ಬುಟ್ಟಿ ಕೊಡ್ರಿ ಸಾಕು. ಊರ ಕೊಡತೈತಿ."

"ಅಮಾಸಿ ದಿನ ಹೆಂಡಿ ನನ್ನ ಹೊಸ್ತಲಾ ದಾಟೂದಿಲ್ಲ."

"ಹೊಗಿ ಕುಡದ ಕುಡದ ನಿಮ್ಮ ಕೆಮ್ಮ ಎಷ್ಟ ಆಗಿತ್ತು, ಮರತ್ರೇನು? ಬಿಟ್ಟಿದ್ದ ಯಾವದರಿಂದ?"

"ಮರತಿಲ್ಲ. ಆದ್ರ ಲಕ್ಷ್ಮೀನ ಹೊರಗ ಹಾಕಿ ಬಂದ ಸುಖಾ ನನಗ ಬ್ಯಾಡ."

ನಿರ್ಮಲಾ ಎದ್ದು ಒಳಗೆ ಹೋದಳು. ಅವಳ ಗಂಡ ಶಿವಪ್ಪ ಅವ್ವನ ಮುಖವನ್ನೂ ನೋಡಲಿಲ್ಲ, ಹೆಂಡತಿಯ ಮುಖವನ್ನೂ ನೋಡಲಿಲ್ಲ, ಎತ್ತಿನ ಕೊಂಬಿಗೆ ಬಣ್ಣ ಹಚ್ಚುತ್ತ ಕೂತ. ನನಗೆ ಗೌರವ್ವನ ಮೇಲೆ ಸಿಕ್ಕಾಪಟ್ಟೆ ಕೋಪ ಬಂದಿತ್ತು. ಹಲಗೆ ಹೊತ್ತು ನೊಂದ ಹೆಗಲು ಬೇರೆ. ಆದರೆ ಬೀಗರ ಮನೆ, ಎದ್ದು ಹೋಗಿ ಹಣತೆಗಳಿಗೆ ಎಣ್ಣೆ ಹಾಕಿದೆ.

ಅಮಾವಾಸ್ಯೆಯ ಬೆಳಿಗ್ಗೆ ನಾನು ಏಳುವಾಗ ಬೆಳಕು ಹರಿದಿತ್ತು. ನಿರ್ಮಲಾ ಕೊಟ್ಟಿಗೆಯ ಬಾಗಿಲಲ್ಲಿ ಖಾಲಿ ಬುಟ್ಟಿ ಹಿಡಿದು ನಿಂತಿದ್ದಳು. ಕೊಟ್ಟಿಗೆ ಗುಡಿಸಿದಂತೆ ಸ್ವಚ್ಛ. ಸೆಗಣಿಯೂ ಇಲ್ಲ, ಗೌರವ್ವನೂ ಇಲ್ಲ. "ನಾ ಎಲ್ಲೆ ಕದ್ದ ಒಯ್ತೀನೋ ಅಂತ ಮುಚ್ಚಿ ಇಟ್ಟಾಳಕ್ಕಾ" ಎಂದಳು. ನಾನು ಹೊಟ್ಟಿನ ಹಿಂದೆ ನೋಡಿದೆ. ಹಲಗೆಯೂ ಇರಲಿಲ್ಲ.

ಅಷ್ಟರಲ್ಲಿ ಯಲ್ಲವ್ವ ಓಡಿಬಂದಳು. "ನಿರ್ಮಲವ್ವಾರ, ಲಗೂನ ಬರ್ರಿ. ಅತ್ತಿಯಾರು ಗ್ಯಾಸಿನ ಹಂತೇಲಿ ಏನೋ ಮಾಡಾಕ ಹತ್ಯಾರ" ಎಂದಳು. ಮೂವರೂ ಓಡಿದೆವು.

ಗೋಡೆಯ ಆ ಬಾಗಿಲಿಲ್ಲದ ತೆರಪಿನ ಮುಂದೆ ನೆಲ ಸಾರಿಸಿ ರಂಗೋಲಿ ಹಾಕಿತ್ತು. ಶಿವಪ್ಪ ಗುದ್ದಲಿ ಬದಿಗಿಟ್ಟು ಮಣ್ಣು ತುಳಿಯುತ್ತಿದ್ದ. ಗೌರವ್ವ ಕೂತು ಅರಿಸಿನ ಬಳಿಯುತ್ತಿದ್ದಳು. ಅವಳ ಕೈಕೆಳಗೆ ಇದ್ದದ್ದು ನಾನು ಕಲಘಟಗಿಯಿಂದ ಹೊತ್ತು ತಂದ ಹಲಗೆ. ಅದು ತೊಟ್ಟಿಲಿನದಾಗಿರಲಿಲ್ಲ. ಹೊಸ್ತಿಲು! ಅಚ್ಚ ಕೆಂಪು ಅರಗಿನ ಬಣ್ಣ, ನಡುವೆ ಹಳದಿ ಕಮಲ, ಎರಡು ತುದಿಗೂ ಬಿಳಿಯ ಎತ್ತು. ಆ ತೆರಪಿನಲ್ಲಿ ನೆಲಕ್ಕೆ ಕಚ್ಚಿ ಕೂತಿತ್ತು. ಹೊರಗೆ ಬಟ್ಟೆ ಮುಚ್ಚಿದ ಬುಟ್ಟಿಗಳಲ್ಲಿ ಕೊಟ್ಟಿಗೆಯ ಸೆಗಣಿ.

ಊರು ಸೇರಿತ್ತು. ಫಕ್ಕೀರಪ್ಪ ಕಾಕಾನೇ ಕೇಳಿದ: "ಇದೇನ ಗೌರವ್ವಕ್ಕ?"

"ಕಣ್ಣ ಕಾಣೂದಿಲ್ಲೇನ? ಹೊಸ್ತಲಾ. ಹೊಸ್ತಲಾ ಇದ್ರ ಮನಿ. ಇದು ಊರ ಮನಿ, ನಿಂದೂ ನಂದೂ. ಈ ಮನ್ಯಾಗಿಂದ ಆ ಮನೀಗೆ ಲಕ್ಷ್ಮಿ ಬಂದ್ರ ಹೊರಗ ಹೋದಂಗ ಹೆಂಗ ಆತು? ಪೈಪನ್ಯಾಗ ಹಾಯ್ದು ಸಂಜೀಕ ನಿನ್ನ ಒಲೀಗೇ ಬರ್ತಾಳ."

"ಮತ್ತ ಪಾಂಡವರು? ಅವರನ್ನೂ ಗುಂಡ್ಯಾಗ ಹಾಕ್ತಿ?"

"ಮೊದಲ ಏನ ಮಾಡ್ತಿದ್ದಿ? ಪಾಡ್ಯಾ ಮುಗದ ಮ್ಯಾಲ ಕುಳ್ಳ ತಟ್ಟಿ, ಒಣಗಿಸಿ ಒಲೀಗೆ ಹಾಕ್ತಿದ್ದಿ. ಈಗೂ ಒಲೀಗೇ ಹೊಂಟಾರ, ಹಾದಿ ಬ್ಯಾರೆ."

ಕಾಕಾ ಬಗ್ಗಿ ಹೊಸ್ತಿಲ ಮೇಲಿನ ಎತ್ತುಗಳನ್ನು ನೋಡತೊಡಗಿದ. ನಿರ್ಮಲಾ ಮಾತ್ರ ನಿಂತಲ್ಲಿಯೇ, "ನನಗ ಒಂದ ಮಾತ ಹೇಳಬಾರದಿತ್ತೇನ್ರಿ ಅತ್ತೀ?" ಎಂದಳು.

"ಹೇಳಿದ್ರ ನೀ ಮೀಟಿಂಗ್ ಕರೀತಿದ್ದಿ. ನಾಕ ಮಂದಿ ನಾಕ ಮಾತ ಆಡ್ತಿದ್ರು. ಕೂಡ್ರಿಸಿದ ಹೊಸ್ತಲಾ ಅಮಾಸಿ ದಿನ ಯಾರ ಕೀಳ್ತಾರ, ಕೀಳಲಿ ನೋಡೂಣು."

ಆಮೇಲೆ ಆಕೆ ಮಾಡಿದ್ದನ್ನು ನಾನು ಸಾಯುವ ತನಕ ಮರೆಯಲಾರೆ. ಸೆರಗಿನ ಮರೆಯಿಂದ ಅಕ್ಕಿ ತುಂಬಿದ ಸೇರು ತೆಗೆದು ಹೊಸ್ತಿಲ ಮೇಲಿಟ್ಟಳು. ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಇಡುತ್ತಾರಲ್ಲ, ಹಾಗೆಯೇ. ಒಂದು ಬುಟ್ಟಿ ಸೆಗಣಿಗೆ ಕುಂಕುಮ ಹಚ್ಚಿ ನಿರ್ಮಲಾಳ ತಲೆಯ ಮೇಲಿಟ್ಟು, "ಅವತ್ತ ನಿನ್ನ ನನ್ನ ಮನೀಗೆ ತುಂಬಿಸಿಕೊಂಡಿದ್ದೆ. ಇವತ್ತ ನೀ ಕಟ್ಟಿದ ಮನೀಗೆ ತುಂಬಿಸ್ತೀನಿ. ಬಲಗಾಲ ಇಟ್ಟ ಬಾರವ್ವಾ" ಎಂದಳು.

ನಿರ್ಮಲಾ ಬಲಗಾಲಿನಿಂದ ಸೇರು ಮುಟ್ಟಿದಳು. ಅಕ್ಕಿ ಒಳಗಡೆಗೆ ಚೆಲ್ಲಿತು. ಅವಳು ಅಳುತ್ತಲೇ ಒಳಗೆ ಹೋಗಿ ತೊಟ್ಟಿಗೆ ಬುಟ್ಟಿ ಸುರಿದಳು. ಯಲ್ಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರು ಹಾಕಿ ಕಲಸತೊಡಗಿದಳು. ಸ್ವಲ್ಪ ಹೊತ್ತಿನಲ್ಲಿ ಓಣಿಗಳಿಂದ ಬುಟ್ಟಿಗಳು ಬರತೊಡಗಿದವು, ಪ್ರತಿಯೊಂದಕ್ಕೂ ಕುಂಕುಮ. ಯಾರೂ ಹೊಸ್ತಿಲು ತುಳಿಯಲಿಲ್ಲ, ಚಪ್ಪಲಿ ಹೊರಗೆ ಬಿಟ್ಟು ದಾಟಿ ಹೋದರು. ಎಷ್ಟೋ ಹೊತ್ತಿನ ಮೇಲೆ ಫಕ್ಕೀರಪ್ಪ ಕಾಕಾನ ಹೆಂಡತಿ ಬಂದಳು. ಬುಟ್ಟಿ ಹೊತ್ತದ್ದು ಅವಳಲ್ಲ, ಹಿಂದೆ ಬರುತ್ತಿದ್ದ ಕಾಕಾ.

ಪಾಡ್ಯದ ದಿನ ಮುಂಜಾನೆ ಹೊಸ್ತಿಲ ಸುತ್ತ ಊರಿನ ಪಾಂಡವರೆಲ್ಲ ಬಂದು ಕೂತಿದ್ದರು. ಸಾಲು ಸಾಲು ಸೆಗಣಿಯ ಗೋಪುರಗಳು, ತಲೆಯಲ್ಲಿ ಚೆಂಡುಹೂ, ಉತ್ತರಾಣಿ ಕಡ್ಡಿ, ಮೈಮೇಲೆ ಇಬ್ಬನಿ. ನಡುವೆ ಗೌರವ್ವ ಮಾಡಿದ ಹಟ್ಟೆವ್ವ. ಒಂದೇ ಹೊಸ್ತಿಲಿಗೆ ಇಷ್ಟು ಮನೆಯ ದೇವರು ಕೂತದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ಕೈ ತಾನಾಗಿಯೇ ಮುಗಿಯಿತು.

ಆದರೂ ಉರಿ ನಿಲ್ಲಬೇಕಲ್ಲ! ಹೋಳಿಗೆಯ ಹೊತ್ತಿಗೆ ನಿರ್ಮಲಾ ಅಡಿಗೆಮನೆಯಲ್ಲಿ ನಿಲ್ಲಲೇ ಇಲ್ಲ. ನನ್ನ ಕೈಗೆ ಲಟ್ಟಣಿಗೆ ಕೊಟ್ಟು ಓಣಿ ಸುತ್ತಿದಳು. ನಾನು ಹೋಳಿಗೆ ಲಟ್ಟಿಸುತ್ತ ಉರಿಯನ್ನೇ ನೋಡುತ್ತಿದ್ದೆ. ಒಮ್ಮೆ ಅದು ಬಗ್ಗಿತು, ಅಂಚು ಹಳದಿಯಾಯಿತು. ಗೌರವ್ವನ ಕೈಯಲ್ಲಿದ್ದ ಸವಟು ಗಾಳಿಯಲ್ಲೇ ನಿಂತಿತು. ಹೊರಗೆ ನಿರ್ಮಲಾಳ ದನಿ ಕೇಳಿಸಿತು: "ಅನ್ನಾ ಆದವರು ಒಲಿ ಆರಸ್ರಿ! ಹೋಳಿಗಿ ಒಲಿ ಅಷ್ಟ ಇರಲಿ!" ಮನೆಯಿಂದ ಮನೆಗೆ ಆ ಕೂಗು ದಾಟಿತು. ಉರಿ ಮೆಲ್ಲಗೆ ನೀಲಿಗೆ ತಿರುಗಿ ನೆಟ್ಟಗೆ ನಿಂತಿತು. ಕೊನೆಯ ಹೋಳಿಗೆ ಉಬ್ಬಿ ಕೆಳಗಿಳಿಯುವ ತನಕ ಹಾಗೆಯೇ ಇತ್ತು. ಗೌರವ್ವ ಆ ಕೊನೆಯದನ್ನು ಎತ್ತುಗಳಿಗೆ ಕೊಡುವ ಮೊದಲು ಎರಡೂ ಬದಿ ಮಗುಚಿ ನೋಡಿದಳು. ಎರಡೂ ಬೆಂದಿದ್ದವು.

ಎಷ್ಟು ಹೋಳಿಗೆ ತಿಂದೆ ಎಂದು ಇಲ್ಲಿ ಬರೆಯುವುದಿಲ್ಲ. ತುಪ್ಪ, ಕಟ್ಟಿನ ಸಾರು, ಹಪ್ಪಳ, ಸಂಡಿಗೆ. ಯಲ್ಲವ್ವ ತನ್ನ ಮನೆಯಿಂದಲೂ ಒಂದು ಹೋಳಿಗೆ ತಂದು ನನ್ನ ಎಲೆಗೆ ಹಾಕಿ, ತಿನ್ನುವ ತನಕ ಮುಂದೆ ನಿಂತಳು.

ಮರುದಿನ ಬೆಳಿಗ್ಗೆ ಹೊರಟೆ. ಇದನ್ನೆಲ್ಲ ಬರೆಯುವಾಗ ಊರಿನ ಹೆಸರೂ ಹಾಕುತ್ತೇನೆ ಎಂದಾಗ ನಿರ್ಮಲಾ ಕೈ ಮುಗಿದಳು. "ಬ್ಯಾಡಕ್ಕಾ. ನೋಡಾಕ ಮಂದಿ ಬರ್ತಾರ, ಬಂದವರಿಗೆ ಚಹಾ ಮಾಡಿ ಮಾಡಿ ಗ್ಯಾಸ್ ಮುಗೀತೈತಿ" ಎಂದಳು. ಅದಕ್ಕೇ ಬರೆದಿಲ್ಲ. ಟಂಟಂ ಅದೇ, ಡ್ರೈವರ್ ಅದೇ. ಈ ಸಲ ಹಲಗೆಯಿಲ್ಲವೆಂದು ಆತನಿಗೆ ಬೇಸರ.

ದಿಬ್ಬ ಏರಿದ ಮೇಲೆ ಹಿಂತಿರುಗಿ ನೋಡಿದೆ. ಒಂದು ಸೂರಿನ ಮೇಲೂ ಹೊಗೆಯಿರಲಿಲ್ಲ. ನಮ್ಮ ಕಡೆ ಬೆಳಗಿನ ಹೊತ್ತು ಹೊಗೆಯಾಡದ ಮನೆ ಕಂಡರೆ ಅಲ್ಲಿ ಸಾವಾಗಿದೆ ಎಂದು ತಿಳಿಯುತ್ತಾರೆ. ನಾನೂ ಹಾಗೇ ತಿಳಿಯುತ್ತ ಬೆಳೆದವಳು. ಆದರೆ ಗಾಳಿಯ ತುಂಬ ತುಪ್ಪದಲ್ಲಿ ಬಿಸಿ ಮಾಡಿದ ನಿನ್ನೆಯ ಹೋಳಿಗೆಯ ವಾಸನೆಯಿತ್ತು. ಕೆಳಗೆ ಬಾವಿಯ ಪಕ್ಕದಲ್ಲಿ ಗೌರವ್ವ ಕೆಂಪು ಹೊಸ್ತಿಲು ತೊಳೆಯುತ್ತಿದ್ದಳು, ಬುಟ್ಟಿ ಹೊತ್ತ ನಿರ್ಮಲಾ ಅದು ಮುಗಿಯಲೆಂದು ಕಾಯುತ್ತ ನಿಂತಿದ್ದಳು.